ಸೀಟಿ ಊದಿ ಕಾಯುತ್ತಿದ್ದ ಹೋಂಗಾರ್ಡ್

ಬೆಳಿಗ್ಗೆ ನನ್ನ ಹೊಲಿಗೆ ಅಂಗಡಿಯ ಶಟರ್ ಎತ್ತುವಾಗ ಯಾರದೋ ಕಾರಿನ ಚಕ್ರಕ್ಕೆ ಹಳದಿ ಲಾಕ್ ಬಿದ್ದ ಸದ್ದು ಕೇಳಿಸಿತು. ಆ ಕಬ್ಬಿಣದ ಸದ್ದಿಗೆ ನನಗೆ ನೆನಪಾಗುವುದು ಒಬ್ಬರೇ... ನಮ್ಮ ಆದಿ ಉಡುಪಿಯ ರಸ್ತೆಯಲ್ಲಿ ಮೊದಲಿದ್ದ ಹೋಂಗಾರ್ಡ್.

ಗದಗದ ಕಡೆಯವರು. ಹಣೆಯಲ್ಲಿ ವಿಭೂತಿ, ಬಾಯಿ ತುಂಬಾ 'ಅಕ್ಕಾರ'. ನೋ ಪಾರ್ಕಿಂಗ್‌ನಲ್ಲಿ ನಿಂತ ಗಾಡಿಗೆ ಅವರು ನೇರ ಲಾಕ್ ಹಾಕುತ್ತಿರಲಿಲ್ಲ. ಲಾಕನ್ನು ಚಕ್ರದ ಪಕ್ಕ ಇಟ್ಟು, ಸೀಟಿ ಊದಿ ಕಾಯುವರು. ಓಡಿ ಬಂದವರನ್ನು ಬೈದು ಬಿಟ್ಟುಬಿಡುವರು. ಬಾರದವರಿಗೆ ಮಾತ್ರ ಲಾಕ್. ಈ ರಸ್ತೆಯಲ್ಲಿ ಹಾಗೆ ಬಚಾವಾಗದವರು ಯಾರೂ ಇಲ್ಲ. ಆದರೂ ಪಕ್ಕದವನನ್ನು ಬಿಟ್ಟರೆ ನಮ್ಮ ಜನರಿಗೆ ಹೊಟ್ಟೆಯುರಿ.

ಒಂದು ದಿನ ಎದುರಿನ ಹಾರ್ಡ್‌ವೇರ್ ಅಂಗಡಿಯ ಮಾಲೀಕರು ಫೋನಿನಲ್ಲಿ ಮಾತಾಡುತ್ತಾ ಸೀಟಿಗೆ ಕಿವಿಗೊಡಲಿಲ್ಲ. ಕಾರಿಗೆ ಲಾಕ್ ಬಿತ್ತು. ಅದೇ ಹೊತ್ತಿಗೆ ಕೆಮ್ಮಣ್ಣು ಊರಿನಿಂದ ಸ್ಕೂಟರಿನಲ್ಲಿ ಮೀನು ತರುವ ಹೆಂಗಸು ಓಡೋಡಿ ಬಂದಳು, ಅವಳನ್ನು ಬಿಟ್ಟರು.

"ಅವಳಿಗೊಂದು ಕಾನೂನು, ನಮಗೊಂದು ಕಾನೂನಾ ಮಾರಾಯ?" ಎಂದು ಮಾಲೀಕರು ವಿಡಿಯೋ ಮಾಡಿ ಊರಿಗೆಲ್ಲ ಹಂಚಿದರು.

ವಿಚಾರಣೆಗೆ ಪೊಲೀಸ್ ಸಾಹೇಬರು ರಸ್ತೆಗೇ ಬಂದರು. ತಪ್ಪೆಂದಾದರೆ ಹೋಂಗಾರ್ಡ್ ಕೆಲಸ ಹೋಗುತ್ತದೆ, ಹೆಂಡತಿ ಮಕ್ಕಳ ಹೊಟ್ಟೆಪಾಡು ಅದರ ಮೇಲೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಮೀನಿನ ಹೆಂಗಸನ್ನು ಕೇಳಿದರೆ, ಎಲ್ಲಿ ತನ್ನ ಸ್ಕೂಟರ್ ಹೋಗುತ್ತದೋ ಎಂದು ಹೆದರಿ, "ದಿನಾ ಬಂಗುಡೆ ಕೊಡ್ತೇನೆ ಸಾರ್, ಅದಕ್ಕೇ ಬಿಡುವುದು" ಎಂದುಬಿಟ್ಟಳು.

ಕೊಡುತ್ತಿದ್ದುದು ನಿಜ, ಪ್ರೀತಿಗೆ. ಬೇಡವೆಂದರೆ ಬೇಜಾರಾದೀತೆಂದು ಅವರು ಆ ಪೊಟ್ಟಣವನ್ನು ಮೈಯಿಂದ ದೂರ ಹಿಡಿದುಕೊಂಡು ಹೋಗಿ, ನನ್ನ ಅಂಗಡಿಯ ಹಿಂದೆ ಬೆಕ್ಕುಗಳಿಗೆ ಹಾಕುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಅವರು ಮೀನು ತಿನ್ನುವುದೇ ಇಲ್ಲ ಸಾರ್."

"ಹಾಗಾದ್ರೆ ಮಾರುವುದಾ?" ಎಂದರು ಸಾಹೇಬರು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೀನಿನ ಹೆಂಗಸೂ ನಕ್ಕಳು. ಬೆಕ್ಕಿನ ವಿಷಯ ಹೇಳಿದೆ; ನಗು ಇನ್ನೂ ಜೋರಾಯಿತು. ಅವರು ಮಾತ್ರ ತಲೆ ತಗ್ಗಿಸಿ, "ಹೋಗ್ಲಿ ಬಿಡ್ರಿ ಅಕ್ಕಾರ" ಎಂದರು. ಸಾಹೇಬರು ಅಲ್ಲೇ ಅವರ ಟೋಪಿ, ಸೀಟಿ ತೆಗೆದುಕೊಂಡರು. ಬಸ್‌ಸ್ಟಾಪಿನವರೆಗೆ "ಬಂಗುಡೆ, ಬಂಗುಡೆ" ಎಂದು ಕೂಗುತ್ತಾ ಹಿಂದೆ ಹೋದವರು ಮಕ್ಕಳಲ್ಲ, ಮೀಸೆ ಬಂದ ಗಂಡಸರು. ನನಗೆ ಈಗಲೂ ಮೈ ಉರಿಯುತ್ತದೆ. ಆಮೇಲೆ ಅವರು ಎಲ್ಲಿಗೆ ಹೋದರೋ...

ಈಗಿನ ಹೋಂಗಾರ್ಡ್ ಕಾಯುವುದಿಲ್ಲ. ಕಂಡ ಕೂಡಲೇ ಲಾಕ್. ನ್ಯಾಯ ಎಂದರೆ ಇದು ಎಂದು ಹಾರ್ಡ್‌ವೇರ್ ಮಾಲೀಕರು ಹೊಗಳುತ್ತಾರೆ. ಮೊನ್ನೆ ಮಟಮಟ ಬಿಸಿಲಿಗೆ ಮೀನಿನ ಹೆಂಗಸಿನ ಸ್ಕೂಟರಿಗೂ ಬಿತ್ತು. ಮೀನು ಹಾಳಾಗ್ತದೆ ಎಂದು ಕಾಲು ಹಿಡಿಯುವುದೊಂದು ಬಾಕಿ.

"ನಿಮ್ಮನ್ನು ಬಿಟ್ರೆ ಮೊದಲಿನವರಿಗಾದದ್ದೇ ನನಗೂ ಆಗುವುದು ಅಲ್ವಾ?" ಎಂದು ಅವನು ಮುಂದಿನ ಗಾಡಿಗೆ ಹೋದ.

ನನಗೆ ಅಯ್ಯೋ ಅನ್ನಿಸಲಿಲ್ಲ. ಅವಳು ನನ್ನ ಅಂಗಡಿಯ ಮೆಟ್ಟಿಲಲ್ಲಿ ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು, "ಅಕ್ಕ, ಅವರು ಈಗ ಎಲ್ಲಿದ್ದಾರೆ, ಗೊತ್ತುಂಟಾ?"

"ಗೊತ್ತಿದ್ದರೂ ನಿನಗೆ ಹೇಳುವುದಿಲ್ಲ" ಎಂದೆ.

ನನಗೂ ಗೊತ್ತಿಲ್ಲ.