ಒಂದು ಹಕಾರದ ಅಪಾಯ

ಆ ನಿಯಮವನ್ನು ರೂಪಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದನ್ನು ಓದುವಾಗ ಬೇರೆ ಯಾರನ್ನಾದರೂ ದೂರಬೇಕೆಂದು ಅನ್ನಿಸಬಹುದು. ನನಗೂ ಹಲವು ಸಲ ಹಾಗನ್ನಿಸಿದೆ.

ಹಳ್ಳಿಯ ಅಂಗಡಿಗಳಲ್ಲಿ ಹೆಬ್ಬೆಟ್ಟು ಒತ್ತುವ ಯಂತ್ರವನ್ನಿಟ್ಟು, ಜನ ಬ್ಯಾಂಕಿನವರೆಗೆ ಹೋಗದೆಯೇ ತಮ್ಮ ಪಿಂಚಣಿಯನ್ನು ಪಡೆಯುವಂತೆ ಮಾಡುವ ಕಂಪನಿಯೊಂದರಲ್ಲಿ ನನ್ನ ಕೆಲಸ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿ ಯಂತ್ರ ಹಿಡಿದ ಅಂಗಡಿಯವರು ನಿಯಮ ಪಾಲಿಸುತ್ತಿದ್ದಾರೆಯೇ, ನಂಬಿಕೆಗೆ ಅರ್ಹರೇ ಎಂದು ಪರಿಶೀಲಿಸುವುದು ನನ್ನ ಪಾಲಿನ ಹೊಣೆ. ಈ ಹೊಣೆಯನ್ನು ನಾನು ನೌಕರಿ ಎಂದು ಎಂದೂ ಭಾವಿಸಿರಲಿಲ್ಲ. ಬಡವರ ಹಣಕ್ಕೆ ಕಾವಲು ಎಂದೇ ತಿಳಿದಿದ್ದೆ, ಅದೇ ಅರ್ಥದಲ್ಲಿ ಎಲ್ಲರೆದುರು ಹೇಳಿಕೊಳ್ಳುತ್ತಲೂ ಇದ್ದೆ.

ಪಾಂಡವಪುರದ ನಮ್ಮ ಮನೆಯಲ್ಲಿ ಹಕಾರವೆಂಬುದೇ ಇರಲಿಲ್ಲ. ಅಜ್ಜಿಯ ಬಾಯಲ್ಲಿ ಹಾಲು ಆಲಾಗಿತ್ತು, ಹೂವು ಊವಾಗಿತ್ತು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಮ್ಮನ್ನು ಸಿದ್ಧಪಡಿಸುತ್ತಿದ್ದ ಅಧ್ಯಾಪಕರು ನನ್ನ ಮೊದಲ ಭಾಷಣವನ್ನು ಎರಡನೆಯ ವಾಕ್ಯದಲ್ಲೇ ತಡೆದು, “ಹಕ್ಕು ಎನ್ನಲು ಬಾರದವಳು ಹಕ್ಕಿಗಾಗಿ ವಾದಿಸುತ್ತೀಯೇನಮ್ಮ? ಅಕ್ಕು ಎಂದು ಕೇಳಿದರೆ ಯಾರು ಕೊಡುತ್ತಾರೆ?” ಎಂದಿದ್ದರು. ಎಲ್ಲರೂ ನಕ್ಕಿದ್ದರು. ಆ ವರ್ಷವೆಲ್ಲ ಹಕಾರವನ್ನು ಎದೆಯಿಂದ ಎತ್ತಿ ನುಡಿಯುವುದನ್ನು ಅಭ್ಯಾಸ ಮಾಡಿದೆ. ಬಹುಮಾನಗಳೂ ಬಂದವು. ನುಡಿ ಶುದ್ಧವಾದರೆ ವಾದ ಶುದ್ಧವಾಗುತ್ತದೆ, ವಾದ ಶುದ್ಧವಾದರೆ ವ್ಯವಸ್ಥೆ ಶುದ್ಧವಾಗುತ್ತದೆ ಎಂಬ ನಂಬಿಕೆ ಬಲಿತದ್ದು ಆಗಲೇ.

ನಾಗಮಂಗಲದ ಕಡೆ ಒಬ್ಬಾತ ಇನ್ನೊಬ್ಬರ ದಾಖಲೆ ಕೊಟ್ಟು ನಮ್ಮ ಯಂತ್ರ ಪಡೆದು, ಕೆಲವು ಮುದುಕಿಯರ ಪಿಂಚಣಿಯನ್ನು ನುಂಗಿ ಊರು ಬಿಟ್ಟ. ಆ ಮುದುಕಿಯರ ಎದುರು ಕುಳಿತು ಹೇಳಿಕೆ ಬರೆದುಕೊಂಡವಳು ನಾನು. ಮುಂದಿನ ಸಭೆಯಲ್ಲಿ ನನ್ನ ವಾದ ಸ್ಪಷ್ಟವಾಗಿತ್ತು: ಅಂಗಡಿಯವರ ಗುರುತಿನ ಚೀಟಿ ಮತ್ತು ಬ್ಯಾಂಕಿನ ಪಾಸ್‌ಬುಕ್ಕು, ಎರಡರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಹೊಂದಬೇಕು, ಹೊಂದದಿದ್ದರೆ ಯಂತ್ರ ತಾನಾಗಿಯೇ ನಿಲ್ಲಬೇಕು. ‘ಒಂದು ಅಕ್ಷರಕ್ಕೆ ಸಡಿಲ ಕೊಟ್ಟರೆ ಒಂದು ಹೆಸರಿಗೇ ಸಡಿಲ ಕೊಟ್ಟಂತೆ’ ಎಂದು ಟಿಪ್ಪಣಿಯಲ್ಲಿ ಬರೆದಿದ್ದೆ. ವಿರೋಧಿಸಿದವರು ಇಬ್ಬರೇ. ಅವರ ಮಾತು ಏನಿತ್ತೆಂಬುದು ಈಗ ನೆನಪಿಲ್ಲ. ಆಗಲೂ ನಾನು ಸರಿಯಾಗಿ ಕೇಳಿಸಿಕೊಂಡಿರಲಾರೆ.

ನಿಯಮ ಜಾರಿಯಾಯಿತು, ಯಂತ್ರಗಳು ಅಲ್ಲಲ್ಲಿ ನಿಲ್ಲತೊಡಗಿದವು. ನಿಂತ ಒಂದೊಂದು ಯಂತ್ರವೂ ಸಿಕ್ಕಿಬಿದ್ದ ಕಳ್ಳನಂತೆ ಕಂಡು ನನಗೆ ತೃಪ್ತಿಯಾಗುತ್ತಿತ್ತು. ಆ ತೃಪ್ತಿಯಲ್ಲಿಯೇ ಒಂದು ಬೆಳಿಗ್ಗೆ ಸಿಂಧಘಟ್ಟದಲ್ಲಿ ಬಸ್ಸಿಳಿದೆ.

ಅಲ್ಲಿ ಯಂತ್ರ ಹಿಡಿದಿದ್ದವರು ನಲವತ್ತೈದರ ಆಸುಪಾಸಿನ ಒಬ್ಬ ಹೆಂಗಸು. ಬಸ್ ನಿಲ್ದಾಣದ ಎದುರಿಗೆ ಅವರ ಸಣ್ಣ ದಿನಸಿ ಅಂಗಡಿ. ಅವರ ಹೆಸರನ್ನು ಇಲ್ಲಿ ಬರೆಯಲಾರೆ; ಅದು ಹಕಾರದಿಂದ ಆರಂಭವಾಗುತ್ತದೆ ಎಂದಷ್ಟೇ ತಿಳಿದರೆ ಸಾಕು. ನನ್ನನ್ನು ಕಂಡವರೇ ಅಂಗಡಿಯ ಹಲಗೆಯ ಮೇಲಿಂದ ಯಂತ್ರವನ್ನೆತ್ತಿ ನನ್ನತ್ತ ತಿರುಗಿಸಿದರು. ಪರದೆಯಲ್ಲಿ ಕೆಂಪು ಅಕ್ಷರಗಳಿದ್ದವು: ‘ಅಪಾಯ. ಸೇವೆ ಸ್ಥಗಿತ.’

“ಇದೇನ್ ಮೇಡಮ್ಮೋರೆ ಇಂಗೆ ಬರ್ದಿದ್ದೀರಿ? ಟ್ರಾನ್ಸ್‌ಫಾರ್ಮರ್ ಕಂಬಕ್ಕೆ ಬುರುಡೆ ಚಿತ್ರ ಅಂಟಿಸಿರ್ತಾರಲ್ಲ, ಅಂಗೆ. ನಾನೇನ್ ಕರೆಂಟಾ, ಮುಟ್ಟುದ್ರೆ ಒಡಿಯಕೆ?”

“ಅದು ನಿಮಗೆ ಹೇಳಿದ್ದಲ್ಲ ಅಕ್ಕ. ಖಾತೆಗೆ ಸಂಬಂಧಪಟ್ಟ ಪದ.”

“ಖಾತೆ ಯಾರ್ದು? ನಂದಲ್ವಾ?”

ಸಂಭವನೀಯ ತೊಂದರೆಯನ್ನು ಸೂಚಿಸುವ ಇಂಗ್ಲಿಷ್ ಪದವೊಂದಕ್ಕೆ ನಮ್ಮ ಕಚೇರಿಯಲ್ಲಿ ಯಾರೋ ನಿಘಂಟು ನೋಡಿ ‘ಅಪಾಯ’ ಎಂದು ಹಾಕಿದ್ದರು. ಆ ಕನ್ನಡವನ್ನು ತಿದ್ದಿ ಕೊಡಿ ಎಂದು ನನಗೂ ಕಳಿಸಿದ್ದರು. ಕಾಗುಣಿತ ಸರಿಯಿದೆ ಎಂದು ಒಪ್ಪಿಗೆ ಕೊಟ್ಟಿದ್ದೆ.

ದಾಖಲೆಗಳನ್ನು ತರಿಸಿ ನೋಡಿದೆ. ಪಾಸ್‌ಬುಕ್ಕಿನಲ್ಲಿ ಅವರ ಹೆಸರು ಇಂಗ್ಲಿಷಿನ ಎಚ್ ಅಕ್ಷರದಿಂದ ಶುರುವಾಗಿತ್ತು. ಅದನ್ನು ಶಾಲೆಯ ದಾಖಲೆ ನೋಡಿ ಬರೆದಿದ್ದರು. ಗುರುತಿನ ಚೀಟಿಯಲ್ಲಿ ಎಚ್ ಇರಲಿಲ್ಲ. ಅದನ್ನು ಅವರ ಬಾಯಿಂದ ಕೇಳಿ ಬರೆದಿದ್ದರು. ಅಷ್ಟೇ ವ್ಯತ್ಯಾಸ. ಚೀಲದಲ್ಲಿದ್ದ ಸ್ಥಗಿತಗೊಂಡವರ ಪಟ್ಟಿಯನ್ನು ಅಲ್ಲೇ ತೆರೆದೆ. ಮೇಲಿಂದ ಕೆಳಗಿನವರೆಗೆ ಹಕಾರದವರೇ ಹೆಚ್ಚು. ಕಿರಂಗೂರಿನ ಒಬ್ಬರು, ಕೆ.ಆರ್.ಎಸ್.ನಲ್ಲಿ ಹೋಟೆಲು ನಡೆಸುವ ಒಬ್ಬರು, ನಾಗಮಂಗಲದ ಕಡೆಯ ಕೆಲವರು. ನಾನು ಹಿಡಿದದ್ದು ಕಳ್ಳರನ್ನಲ್ಲ, ನನ್ನ ಅಜ್ಜಿಯ ಉಚ್ಚಾರಣೆಯನ್ನು.

“ಒಂದು ವಾರದಲ್ಲಿ ಸರಿ ಮಾಡಿಸುತ್ತೇನೆ ಅಕ್ಕ, ಇಲ್ಲೊಂದು ಸಹಿ ಹಾಕಿ,” ಎಂದು ಬ್ಯಾಂಕಿಗೆ ಅರ್ಜಿ ಬರೆದೆ. ಪಾಸ್‌ಬುಕ್ಕಿನ ಎಚ್ ತೆಗೆದು ಚೀಟಿಯಲ್ಲಿರುವಂತೆಯೇ ಬರೆಯಿರಿ ಎಂಬುದು ಅದರ ಸಾರ. ಅವರು ಓದದೆಯೇ ಸಹಿ ಹಾಕಿದರು. ಅದರಲ್ಲಿ ಏನಿದೆ ಎಂದು ನಾನೂ ಓದಿ ಹೇಳಲಿಲ್ಲ. ಓದದೆ ಸಹಿ ಹಾಕಬೇಡಿ ಎಂದು ನಾಲ್ಕು ತಾಲ್ಲೂಕುಗಳಲ್ಲಿ ಉಪನ್ಯಾಸ ಮಾಡಿಕೊಂಡು ಬಂದವಳು ನಾನು.

ವಾರ ಕಳೆದು ಹೋದಾಗ ಬ್ಯಾಂಕು ಎಚ್ ತೆಗೆದಿತ್ತು. ಸಂತೋಷದಿಂದ ಯಂತ್ರ ಚಾಲೂ ಮಾಡಿದೆ. ಮತ್ತೆ ಕೆಂಪು.

“ಚೀಟಿ ಕೊಡಿ ಅಕ್ಕ.”

ಅವರು ಹೊಳೆಯುವ ಹೊಸ ಚೀಟಿಯೊಂದನ್ನು ಹೆಮ್ಮೆಯಿಂದ ಮುಂದಿಟ್ಟರು. ಅದರಲ್ಲಿ ಎಚ್ ಇತ್ತು.

“ನೀವು ಒಂದ್ ಕಡೆಯಿಂದ ಮಾಡ್ತಾ ಇದ್ರಲ್ಲ, ನಾನೂ ಒಂದ್ ಕಡೆಯಿಂದ ಮಾಡ್ಸುದ್ರೆ ಬಿರ್ರನೆ ಆಯ್ತದೆ ಅಂದ್ಕಂಡೆ. ನಮ್ಮೂರ ಎಡ್ಮಾಸ್ತರು ‘ನಿನ್ನ ಎಸರಲ್ಲಿ ಅಕಾರ ಬುಟ್ಟೋಗದೆ, ಆಕುಸ್ಕಂಡು ಬಾರವ್ವ’ ಅಂದ್ರು. ಪ್ಯಾಟೆಗೋಗಿ ಎಲ್ಡು ದಿನ ಸಾಲಲ್ಲಿ ನಿಂತು ಆಕುಸ್ಕಂಡು ಬಂದೆ.”

ಇಬ್ಬರೂ ಒಬ್ಬರಿಗೊಬ್ಬರು ಹೇಳದೆ, ಇಬ್ಬರೂ ಒಳ್ಳೆಯ ಮನಸ್ಸಿನಿಂದ, ಒಂದು ಅಕ್ಷರವನ್ನು ಅಲ್ಲಿಂದ ತೆಗೆದು ಇಲ್ಲಿಗೆ ಹಾಕಿದ್ದೆವು. ಅದಕ್ಕಿಂತ ಕೆಟ್ಟದ್ದೆಂದರೆ, ತಿಂಗಳೊಳಗೆ ಎರಡು ದಾಖಲೆಗಳಲ್ಲಿ ಹೆಸರು ಬದಲಾದದ್ದನ್ನು ಗಮನಿಸಿದ ತಂತ್ರಾಂಶ ಅವರನ್ನು ‘ಅಧಿಕ ಅಪಾಯ’ದ ಪಟ್ಟಿಗೆ ಏರಿಸಿತ್ತು.

ಆ ದಿನ ಅವರ ಅಂಗಡಿಯಲ್ಲಿ ಕುಳಿತೇ ಮೇಲಧಿಕಾರಿಗೆ ಫೋನು ಮಾಡಿದೆ. ಅವರು ಒರಟರಲ್ಲ. ಒರಟರಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

“ಒಂದೇ ತಿಂಗಳಲ್ಲಿ ಎರಡು ಸಲ ಹೆಸರು ಬದಲಾಗಿದೆ. ನೀವೇ ಹೇಳಿ, ಅನುಮಾನ ಬರೋದಿಲ್ವಾ?”

“ಬದಲಾದದ್ದು ಹೆಸರಲ್ಲ ಸರ್, ಬರವಣಿಗೆ. ಈ ಭಾಗದಲ್ಲಿ ಹಕಾರವನ್ನು ನುಡಿಯುವುದೇ ಇಲ್ಲ. ನಿಯಮಕ್ಕೆ ಇದೊಂದು ವಿನಾಯಿತಿ ಬೇಕು.”

“ಹಾಗಾದ್ರೆ ಮಂಡ್ಯದವರಿಗೆ ಬೇರೆ ವರ್ಣಮಾಲೆ ಮಾಡ್ಸೋಣ್ವಾ?” ಎಂದು ನಕ್ಕರು. ನಂತರ ಕಾಗದದ ಸದ್ದಾಯಿತು. “ಒಂದು ಅಕ್ಷರಕ್ಕೆ ಸಡಿಲ ಕೊಟ್ಟರೆ ಒಂದು ಹೆಸರಿಗೇ ಸಡಿಲ ಕೊಟ್ಟಂತೆ. ಇದು ನಿಮ್ಮದೇ ವಾಕ್ಯ ಅಲ್ವಾ ಮೇಡಂ? ಬಹಳ ಚೆನ್ನಾಗಿದೆ. ಹೊಸಬರ ತರಬೇತಿಗೆ ಹಾಕ್ಕೊಂಡಿದೀವಿ.”

ನನ್ನ ವಾದವನ್ನು ಖಂಡಿಸಲು ನನ್ನ ವಾದಕ್ಕಿಂತ ಚೆನ್ನಾದ ವಾದ ಅವರಿಗೆ ಬೇಕಾಗಿರಲಿಲ್ಲ. ಚೀಟಿಯಲ್ಲಿರುವಂತೆ ಪಾಸ್‌ಬುಕ್ಕನ್ನು ಇನ್ನೊಮ್ಮೆ ತಿದ್ದಿಸಿ, ಅಲ್ಲಿಯವರೆಗೆ ಕಾಯಿರಿ ಎಂದರು.

ಫೋನಿಟ್ಟಾಗ ಅಕ್ಕ ಅಕ್ಕಿ ಅಳೆಯುತ್ತಿದ್ದರು. ನನ್ನ ಕಡೆ ನೋಡದೆಯೇ ಮಾತಾಡಿದರು.

“ಮಿಸನ್ನು ಯಾವಾಗಾದ್ರೂ ಸುರುವಾಗ್ಲಿ, ಬುಡಿ. ಅದರಿಂದ ನಂಗೆ ಬರ್ತಿದ್ದು ಅಷ್ಟರಲ್ಲೇ ಅದೆ. ಜನ ಏನಂತಾವ್ರೆ ಗೊತ್ತಾ? ‘ಮುದುಕರ ದುಡ್ಡಿಗೆ ಕೈ ಆಕಿರ್ಬೇಕು, ಅದ್ಕೇಯ ಕಂಪ್ನಿಯವ್ರು ಬಂದ್ ಮಾಡವ್ರೆ’ ಅಂತ. ನೀವು ಎಲ್ಡು ಸತಿ ಬಂದು ಕಾಗ್ದ ತೆಗ್ದು ನೋಡುದ್ರಲ್ಲ, ಅದ್ನ ಕಂಡ ಮ್ಯಾಲಂತೂ ನಿಜವೇಯ ಅಂದ್ಬುಟ್ರು. ನಮ್ಮ ಬೀಗರ ಮನೆಗೂ ಸುದ್ದಿ ಓಗದೆ.”

“ನಾನು ಅವರಿಗೆಲ್ಲ ವಿವರಿಸುತ್ತೇನೆ.”

“ಏಳಿ ನೋಡಾವ. ಬೆಳಿಗ್ಗೆ ಡೈರಿ ತಾವ ಎಲ್ಲಾ ಸೇರ್ತಾರೆ.”

ಮರುದಿನ ಮೊದಲ ಬಸ್ಸಿಗೇ ಬಂದೆ. ಹಾಲು ಹಾಕಲು ನಿಂತವರ ಸಾಲಿನ ಮುಂದೆ ನಿಂತು, ದಾಖಲೆಗಳ ವ್ಯತ್ಯಾಸವನ್ನೂ ನಿಯಮದ ಉದ್ದೇಶವನ್ನೂ ಹಕಾರದ ಸಂಗತಿಯನ್ನೂ ಕ್ರಮವಾಗಿ ಹೇಳಿದೆ. ಸ್ಪರ್ಧೆಯಾಗಿದ್ದರೆ ಬಹುಮಾನ ಬರುವಂತಹ ಮಾತು. ಕ್ಯಾನಿನ ಮೇಲೆ ಕಾಲಿಟ್ಟು ನಿಂತಿದ್ದ ಗಂಡಸೊಬ್ಬ ಎಲ್ಲವನ್ನೂ ಕೇಳಿ, ಪಕ್ಕದವನಿಗೆ, “ಏನ್ಲಾ, ಆಲಿಗೂ ಅಕಾರ ಬೇಕಂತೆ ಕಣ್ಲಾ. ಇಲ್ದಿದ್ರೆ ಡೈರಿಯೋರು ಆಕಿಸ್ಕಳಕಿಲ್ವಂತೆ,” ಎಂದ. ಸಾಲಿಗೆ ಸಾಲೇ ನಕ್ಕಿತು. ಆಮೇಲೆ ಅವನು ನನ್ನ ಕಡೆ ತಿರುಗಿ, ತಮಾಷೆ ಬಿಟ್ಟು ಕೇಳಿದ:

“ಮೇಡಂ, ಬಾಯಲ್ಲಿ ಯಾರ್ ಬೇಕಾದ್ರೂ ಏಳ್ತಾರೆ. ಆವಮ್ಮನ ತಪ್ಪಿಲ್ಲ ಅಂತ ಬರ್ದು ಕೊಡಿ ಮತ್ತೆ.”

ಇಂತಹ ಪತ್ರ ಕೊಡಲು ನನಗೆ ಅಧಿಕಾರವಿರಲಿಲ್ಲ. ಕಂಪನಿಯ ಹೊರಗಿನವರಿಗೆ ಯಾವ ಲಿಖಿತ ಹೇಳಿಕೆಯನ್ನೂ ಕೊಡಕೂಡದು ಎಂಬ ಕರಾರಿಗೆ ಸಹಿ ಹಾಕಿದ್ದೆ. ಅದನ್ನು ಓದಿಯೇ ಹಾಕಿದ್ದೆ. ಅಕ್ಕ ಸಾಲಿನ ಕೊನೆಯಲ್ಲಿ ನಿಂತಿದ್ದರು. ಸೆರಗನ್ನು ಎರಡೂ ಕೈಗಳಿಂದ ಹಿಡಿದುಕೊಂಡು, ನನ್ನನ್ನಲ್ಲ, ನನ್ನ ಕೈಚೀಲವನ್ನು ನೋಡುತ್ತಿದ್ದರು.

ಬರೆದೆ. ಡೈರಿಯ ಮೇಜಿನ ಮೇಲೆಯೇ, ನನ್ನ ಕೈಬರಹದಲ್ಲಿ. ‘ಈ ಅಂಗಡಿಯ ಯಂತ್ರ ನಿಂತಿರುವುದು ಕಂಪನಿಯ ನಿಯಮದ ದೋಷದಿಂದ. ನಡೆಸುವವರಿಂದ ಯಾರಿಗೂ ಒಂದು ರೂಪಾಯಿಯ ಮೋಸವೂ ಆಗಿಲ್ಲ. ದೋಷವಿರುವ ನಿಯಮವನ್ನು ಸೂಚಿಸಿದವಳು ನಾನು.’ ಕೆಳಗೆ ಸಹಿ, ಹುದ್ದೆ. ಅಕ್ಕ ಅದನ್ನು ಅಂಗಡಿಯ ಬಾಗಿಲಿಗೆ ಅಂಟಿಸಿದರು. ಯಾರೋ ಅದರ ಚಿತ್ರ ತೆಗೆದರು, ಅದು ಊರಿಂದೂರಿಗೆ ಮೊಬೈಲುಗಳಲ್ಲಿ ಸುತ್ತಿ ಕೊನೆಗೆ ನಮ್ಮ ಕಚೇರಿಯನ್ನೂ ತಲುಪಿತು.

ಈಗ ನನಗೊಂದು ನೋಟಿಸು ಬಂದಿದೆ: ಅನುಮತಿಯಿಲ್ಲದೆ ಹೇಳಿಕೆ ನೀಡಿ ಕಂಪನಿಯ ವಿಶ್ವಾಸಾರ್ಹತೆಗೆ ಅಪಾಯ ತಂದದ್ದಕ್ಕೆ ಕಾರಣ ಕೇಳಿ. ಉತ್ತರವನ್ನು ನಾಲ್ಕು ಸಲ ಬರೆದಿದ್ದೇನೆ, ನಾಲ್ಕನ್ನೂ ಹರಿದಿದ್ದೇನೆ. ಚೆನ್ನಾಗಿ ಬರೆದಷ್ಟೂ ನನಗದು ಸಭೆಯ ಹಳೆಯ ಟಿಪ್ಪಣಿಯಂತೆಯೇ ಕೇಳಿಸುತ್ತದೆ. ನಿಯಮ ಹಾಗೆಯೇ ಇದೆ. ಪಟ್ಟಿಯಲ್ಲಿರುವ ಉಳಿದವರು ಒಬ್ಬೊಬ್ಬರಾಗಿ ಬ್ಯಾಂಕಿಗೆ ಅಲೆಯುತ್ತಿದ್ದಾರೆ. ವಿನಾಯಿತಿ ಕೋರಿ ಬರೆದ ನನ್ನ ಮನವಿ ‘ಪರಿಶೀಲನೆಯಲ್ಲಿದೆ’.

ಪಾಸ್‌ಬುಕ್ಕಿಗೆ ಎಚ್ ಮರಳಿ ಬಂದು, ಮೊನ್ನೆ ಸಿಂಧಘಟ್ಟದ ಯಂತ್ರ ಚಾಲೂ ಆಯಿತು. ನಾನೇ ಹೋಗಿ ಪರೀಕ್ಷಿಸಿದೆ. ಆ ಬೆಳಿಗ್ಗೆ ಕೆಲವರು ಬಂದು ಹೆಬ್ಬೆಟ್ಟು ಒತ್ತಿದರು. ಯಂತ್ರದಿಂದ ರಸೀದಿ ಹೊರಬಂದೊಡನೆ ಒಬ್ಬಾಕೆ ಅದನ್ನು ಪಕ್ಕದವರಿಂದ ಓದಿಸಿಕೊಂಡರು. ಹಿಂದೆ ಹಾಗೆ ಓದಿಸಿಕೊಳ್ಳುತ್ತಿರಲಿಲ್ಲವಂತೆ. ರಸೀದಿ ಓದಿಸಿಕೊಳ್ಳಿ ಎಂದು ಬೋಧಿಸುವವಳು ನಾನೇ ಆದ್ದರಿಂದ, ಅದನ್ನು ನಷ್ಟವೆನ್ನುವ ಹಾಗೂ ಇರಲಿಲ್ಲ.

ಎದುರಿನ ನಿಲ್ದಾಣದಲ್ಲಿ ಮುದುಕರೊಬ್ಬರು ಕೊಡೆ ಊರಿಕೊಂಡು ನಿಂತಿದ್ದರು.

“ನಮ್ ದೊಡ್ಡಪ್ಪ,” ಎಂದರು ಅಕ್ಕ. “ಪಿಂಚಣಿಗೆ ಕೆ.ಆರ್. ಪ್ಯಾಟೆ ಬ್ಯಾಂಕಿಗೆ ಓಗ್ತಾವ್ರೆ.”

“ಯಂತ್ರ ಸರಿಯಾಗಿರುವುದು ಅವರಿಗೆ ಗೊತ್ತಿಲ್ಲವೇ?”

“ಗೊತ್ತು. ಬೆಳಿಗ್ಗೆ ಇಲ್ಲೇ ಎಲೆ ಅಡಿಕೆ ತಕ್ಕಂಡ್ರು.”

ನಾನು ಎದ್ದೆ. ಬಾಗಿಲಿನ ಕಾಗದವನ್ನು ತೋರಿಸಿ, ಒಂದೊಂದಾಗಿ ಬಿಡಿಸಿ ಹೇಳಿದರೆ ಅವರು ಒಪ್ಪಿಯೇ ಒಪ್ಪುತ್ತಾರೆ ಎನ್ನಿಸಿತು. ಮೊದಲ ವಾಕ್ಯವೂ ಮನಸ್ಸಿನಲ್ಲಿ ಸಿದ್ಧವಾಗಿತ್ತು.

ಅಕ್ಕ ನನ್ನ ತೋಳು ಹಿಡಿದರು. “ಕೂತ್ಕಳವ್ವ, ಬುಡು. ಬಸ್ ಬಂತು.”

ಮುದುಕರು ಕೊಡೆಯನ್ನು ಕಂಕುಳಿಗೆ ಸೇರಿಸಿ ಬಸ್ಸು ಹತ್ತಿದರು. ಕಿಟಕಿಯ ಪಕ್ಕದಲ್ಲೇ ಸೀಟು ಸಿಕ್ಕಿತು. ಅಂಗಡಿಯ ಕಡೆಗಿನ ಕಿಟಕಿ. ಬಸ್ಸು ಹೊರಡುವವರೆಗೂ ಅವರು ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಿದ್ದರು.