ಖಾಲಿ ರಸ್ತೆಗೆ ಕೆಂಪು ಬಾವುಟ

ಗೆಳೆಯರೇ, ಇವತ್ತು ಬೆಳಿಗ್ಗೆ ಸುಳ್ಯದಿಂದ ಪುತ್ತೂರಿಗೆ ಹೊರಟ ನಮ್ಮ ಬಸ್ಸು ದುರಸ್ತಿಯಲ್ಲಿರುವ ಸೇತುವೆಯ ಹತ್ತಿರ ನಿಂತೇಬಿಟ್ಟಿತು. ಅಲ್ಲೀಗ ಒಂದೇ ವಾಹನ ದಾಟುವಷ್ಟು ದಾರಿ. ಎರಡೂ ತುದಿಯಲ್ಲಿ ಬಾವುಟ ಹಿಡಿದವರು. ನಮ್ಮ ಕಡೆ ಎಲ್ಲಕ್ಕಿಂತ ಮುಂದೆ ನಮ್ಮ ಬಸ್ಸು, ಹಿಂದೆ ಲಾರಿ, ಬಸ್ಸುಗಳ ಸಾಲು. ಆಚೆ ಒಂದು ಸೈಕಲ್ಲೂ ಇಲ್ಲ. ಆದರೂ ನಮಗೆ ಕೆಂಪು ಬಾವುಟ.

ಮುಂದಿನ ಸೀಟಿನಲ್ಲಿ ನೆರೆಮನೆಯ ಕಮಲ ಹೆರಿಗೆ ನೋವಿನಿಂದ ನರಳುತ್ತಿದ್ದಳು. ಅವಳ ತಾಯಿ ದೇವಕಿಯಕ್ಕ ಇಳಿದು ಬಾವುಟದವನ ಎದುರು ನಿಂತರು.

"ಎರಡೂ ಕಡೆಗೆ ಸಮ ಹೊತ್ತು ಅಂತ ಆರ್ಡರ್ ಉಂಟು ಅಕ್ಕಾ. ನಾನೆಂತ ಮಾಡುದು?" ಎಂದ ಅವನು.

"ಆಚೆ ಯಾರೂ ಇಲ್ಲ ಮಾರಾಯ! ಯಾರಿಗೆ ಕಾಯುದು? ನನ್ನ ಮಗಳು ಆಸ್ಪತ್ರೆ ಮುಟ್ಟುದು ಬೇಡ್ವಾ?"

ಅವನು ಖಾಲಿ ರಸ್ತೆಯನ್ನೊಮ್ಮೆ, ಬಸ್ಸಿನೊಳಗಿದ್ದ ಕಮಲಳನ್ನೊಮ್ಮೆ ನೋಡಿದ. ಆಚೆಯವನನ್ನು ಕೂಗಿ ಕೇಳಿ, ಹಸಿರು ಬಾವುಟ ಎತ್ತಿಯೇಬಿಟ್ಟ.

ಮಧ್ಯಾಹ್ನ ಆಸ್ಪತ್ರೆಗೆ ಹೋಗಿ ವಿಚಾರಿಸಿದೆ. ಹೆಣ್ಣು ಮಗು, ತಾಯಿಯೂ ಕ್ಷೇಮ.

ಸಂಜೆ ಮರಳುವಾಗ ನೋಡಿದರೆ, ಬಾವುಟದವರಿಬ್ಬರೂ "ನಿನ್ನ ಕಡೆ ಎಷ್ಟುಂಟು?" ಎಂದು ಪರಸ್ಪರ ಕೂಗಿ ಕೇಳುತ್ತ, ಸಾಲು ಉದ್ದವಿದ್ದ ಕಡೆಯನ್ನೇ ಮೊದಲು ಬಿಡುತ್ತಿದ್ದರು. ಬಸ್ಸು ನಿಂತದ್ದೇ ಗೊತ್ತಾಗಲಿಲ್ಲ. ನಾನು ಎಷ್ಟು ಬೇಗ ಮನೆ ಮುಟ್ಟಿದೆನೆಂದರೆ, ಹೆಂಡತಿ ಅನುಮಾನದಿಂದ ಕೇಳಿದಳು: "ನೀವು ಪುತ್ತೂರಿಗೆ ಹೋಗ್ಲೇ ಇಲ್ವಾ?"