ನಾಲ್ಕನೇ ಹಾಡಿನ ಹೆಂಗಸು

ಕೊಲ್ಲಿ ದೇಶದ ಅಲ್ ಸದ್ದ್‌ನ ಫ್ಲ್ಯಾಟಿನಲ್ಲಿರುವ ಕಜೆತಾನ್ ಲೋಬೊ ಅವರಿಗೆ ಸ್ಕಾಟ್ಲೆಂಡಿನ ಒಂದು ಬ್ಯಾಂಡಿನ ಚರಿತ್ರೆ ಬಾಯಿಪಾಠ. ಗ್ಲಾಸ್ಗೋದಲ್ಲಿ ಮುಚ್ಚಿದ ಹಡಗು ಕಾರ್ಖಾನೆಯೊಂದರಲ್ಲಿ ಮೂವರು ತಗಡು ಬಡಿದು ಶುರುಮಾಡಿದ್ದು, ಡ್ರಮ್ ಮಷೀನು ತಂದು ಜನರನ್ನು ಕುಣಿಸಿದ್ದು, ಜಗಳವಾಡಿ ಒಡೆದದ್ದು, ತಲೆ ನರೆತ ಮೇಲೆ ಮತ್ತೆ ಕೂಡಿದ್ದು, ಎಲ್ಲವೂ. "ಇದು ಹಾಡಾ ಮಾರ್ರೆ, ಗುಜರಿ ಅಂಗಡಿಯಾ?" ಎನ್ನುತ್ತಿದ್ದ ಹೆಂಡತಿ ಸಿಸಿಲಿಯಾ ಕೂಡ ಅವರ ಕ್ಯಾಸೆಟ್ಟಿನ ನಾಲ್ಕನೇ ಹಾಡಿಗೆ ಸುಮ್ಮನಾಗುತ್ತಿದ್ದಳು. ಅದರ ಕೊನೆಯಲ್ಲಿ ಅತ್ತೆಯ ದನಿ ಇತ್ತು.

ಮೂವತ್ತು ವರ್ಷಕ್ಕೂ ಹಿಂದೆ ಕಜೆತಾನ್ ಇಲ್ಲಿನ ಉಕ್ಕಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕ್ಲರ್ಕ್. ಓದುಬರಹ ಬಾರದ ಅಮ್ಮ ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಂದ ಬರುವವರ ಕೈಯಲ್ಲಿ ಕಳಿಸುತ್ತಿದ್ದಳು. ಕೇಳಿ ಮುಗಿದೊಡನೆ ಅದೇ ಟೇಪಿನ ಮೇಲೆ ತನ್ನ ಉತ್ತರ ತುಂಬಿಸಿ ವಾಪಸು ಕಳಿಸುವುದು ಆಗಿನವರ ರೂಢಿ. ಹಾಗಾಗಿ ಅಮ್ಮನ ಒಂದು ಮಾತೂ ಅವರ ಬಳಿ ಉಳಿಯಲಿಲ್ಲ. ಬ್ಯಾಂಡಿನ ಮೂವರಲ್ಲೊಬ್ಬನಾದ ಕ್ರೇಗ್ ಆಗ ಅದೇ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ. ಅವನ ಹಾಡಿಗೆಂದು ಕಜೆತಾನ್ ಕಾರ್ಖಾನೆಯ ಸದ್ದನ್ನು ಕದ್ದುಮುಚ್ಚಿ ಅಮ್ಮನ ಅಂಥದೇ ಒಂದು ಟೇಪಿನ ಮೇಲೆ ತುಂಬಿಸಿಕೊಟ್ಟರು. ಸದ್ದು ಮುಗಿದಲ್ಲಿ ಅಮ್ಮ ಉಳಿದಿದ್ದಳು: "ಜೆವಣ್ ಜಾಲೆಂಗೀ ಪುತಾ?" ಊಟ ಆಯಿತಾ ಮಗಾ ಎಂದು. ಕ್ರೇಗ್ ಅದನ್ನೂ ಹಾಡಿಗೆ ಸೇರಿಸಿದ. ಅದೇ ವರ್ಷ ಅಮ್ಮ ಹೋಗಿಬಿಟ್ಟಳು.

ಬ್ಯಾಂಡಿನ ಆ ಹಾಡುಗಳು ಬಂದದ್ದೇ ಇನ್ನೂರು ಕ್ಯಾಸೆಟ್ಟಿನಲ್ಲಿ. ಕಜೆತಾನರದ್ದು ಕಾರಿನ ಪ್ಲೇಯರಿಗೆ ಸಿಕ್ಕಿ ಹರಿದುಹೋಯಿತು. ಮುಂದೆ ಕ್ರೇಗ್ ಕೂಡ ತೀರಿಕೊಂಡ. ಹಳೆಯ ಹಾಡುಗಳನ್ನು ಮತ್ತೆ ತರುತ್ತಿದ್ದೇವೆ, ನಾಲ್ಕನೇ ಹಾಡಿನ ಈ ಹೆಂಗಸು ಯಾರೆಂದು ಬಲ್ಲವರು ತಿಳಿಸಿ ಎಂದು ಉಳಿದಿಬ್ಬರು ಮೂರು ವರ್ಷದ ಹಿಂದೆ ಫೇಸ್‌ಬುಕ್ಕಿನಲ್ಲಿ ಕೇಳಿದ್ದರು. ಕಜೆತಾನ್ ಉತ್ತರ ಬರೆದರು, ಅಳಿಸಿದರು. ಇನ್ನೂ ಅದೇ ಕಂಪನಿಯಲ್ಲಿ ಕೆಲಸ. ಒಳಗೆ ರೆಕಾರ್ಡ್ ಮಾಡಿದ್ದು ಹೊರಬಿದ್ದರೆ ಕೊನೆಗಾಲದಲ್ಲಿ ವೀಸಾಕ್ಕೆ ಕುತ್ತು. ಮೂವತ್ತು ವರ್ಷ ತಲೆ ತಗ್ಗಿಸಿ ಬದುಕಿದವರಿಗೆ ಧೈರ್ಯ ಎಲ್ಲಿಂದ ಬರಬೇಕು?

ಕಳೆದ ಶುಕ್ರವಾರ ಆ ಹಾಡು ಮತ್ತೆ ಬಂತು. ಅಜ್ಜಿಯ ದನಿಯನ್ನೇ ಕೇಳದ ಮಗಳು ಲೊರ್ನಾ ಮೊಬೈಲಿನಲ್ಲಿ ಹಾಕಿದಳು. ಯಂತ್ರ ಬಡಿಯಿತು, ನಿಂತಿತು.

"ಖಲಾಸ್? ಡ್ಯಾಡಿ, ಅಜ್ಜಿ ಎಲ್ಲಿ?"

ಕೆಳಗೆ ಬ್ಯಾಂಡಿನ ಟಿಪ್ಪಣಿಯಿತ್ತು: ಗುರುತು ಸಿಗಲಿಲ್ಲ, ಅನುಮತಿ ಇಲ್ಲ, ಹೆಂಗಸಿನ ದನಿ ತೆಗೆದಿದ್ದೇವೆ. ಆಕೆ ನನ್ನ ತಾಯಿ ಎಂದು ಕಜೆತಾನ್ ಆಗಲೇ ಬರೆದರು. ಸಂಜೆ ಉತ್ತರ ಬಂತು. ಹಳೆಯ ಟೇಪುಗಳನ್ನೆಲ್ಲ ಎಸೆದಾಗಿದೆ, ಕ್ಷಮಿಸಿ.

ಸಿಸಿಲಿಯಾ ಬಡಿಸಿ ಕರೆದರೂ ಅವರು ಏಳಲಿಲ್ಲ. ಲೊರ್ನಾ ಪಕ್ಕದಲ್ಲಿ ಬಂದು ಕೂತಳು.

"ಅಜ್ಜಿಯ ವಾಯ್ಸ್ ಹೇಗೆ ಇತ್ತು ಡ್ಯಾಡಿ? ಒಮ್ಮೆ ಹಾಗೇ ಹೇಳಿ."

ಕಜೆತಾನ್ ಕಣ್ಣು ಮುಚ್ಚಿ ಆ ಮೂರು ಮಾತು ಹೇಳಿದರು. ಕೇಳಿಸಿದ್ದು ಅವರದೇ ದನಿ.